ಘಡಿ ಮುರಿದ ಸೀರೆ

ಕೊಂಡ ವಸ್ತುವನ್ನು ಅಂಗಡಿಗೆ ಮರಳಿಸುವ ಧೈರ್ಯ ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತದೆ. ಅವರು ವಸ್ತುವನ್ನು ಮೇಜಿನ ಮೇಲಿಟ್ಟು, “ಇದು ಬೇಡ” ಎಂದು ಎರಡೇ ಶಬ್ದ ಹೇಳಿ, ಅಂಗಡಿಯವನ ಮುಖವನ್ನೇ ನೋಡುತ್ತ ನಿಲ್ಲಬಲ್ಲರು. ನಾನು ಆ ಪೈಕಿಯವಳಲ್ಲ. ನಮ್ಮ ಮನೆಯಲ್ಲಿ ಯಾರೂ ಅಲ್ಲ. ಅಂಕೋಲೆಯ ನಮ್ಮ ಮನೆಯಲ್ಲಿ ಅರ್ಧ ಸಾಮಾನು ಮರಳಿಸಬೇಕಾಗಿದ್ದು, ಮರಳಿಸದೆ ಉಳಿದದ್ದು. ಅಪ್ಪ ಒಮ್ಮೆ ಪೇಟೆಯಲ್ಲಿ ಸಿದ್ಧವಾದ ಅಂಗಿಯೊಂದನ್ನು ಕೊಂಡು ತಂದರು. ಮನೆಗೆ ಬಂದು ತೊಟ್ಟು ನೋಡಿದರೆ ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಉದ್ದ. ಆಯಿ ಹಿಂದಕ್ಕೆ ಕೊಟ್ಟು ಬನ್ನಿ ಎಂದಳು. ಅಪ್ಪ ಯೋಚಿಸಿ, ಮರುದಿನದಿಂದ ಎಡಗೈಯಲ್ಲಿ ಕೊಡೆ ಹಿಡಿಯಲು ಆರಂಭಿಸಿದರು. ಕೊಡೆ ಎತ್ತಿದರೆ ತೋಳು ಮೇಲೆ ಸರಿದು ಎರಡೂ ಸಮನಾಗುತ್ತಿದ್ದವು. ಆ ಅಂಗಿ ಹರಿಯುವ ತನಕ ಅವರು ಮಳೆಯಿರಲಿ ಬಿಸಿಲಿರಲಿ, ಮೋಡವೂ ಇಲ್ಲದ ಸಂಜೆಯಿರಲಿ, ಕೊಡೆ ಬಿಡಿಸಿಕೊಂಡೇ ತಿರುಗಿದರು.

ಇಂಥವರ ಮಗಳಾದ ನಾನು ಒಂದು ಸೀರೆಯನ್ನು ಹಿಂದಿರುಗಿಸಲು ಹೊರಟ ಕಥೆ ಇದು. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಕಾರಣ ಓದುತ್ತ ಹೋದಂತೆ ತಿಳಿಯುತ್ತದೆ. ಧಾರವಾಡದಲ್ಲಿ ಬಿ.ಎ. ಮುಗಿಸಿದ ಮೇಲೆ ನಾನು ಕಾರವಾರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದೇನೆ. ಶಾಂತಾಬಾಯಿ ಎಂಬವರ ಮನೆಯಲ್ಲಿ ಒಂದು ಕೋಣೆ ನನ್ನದು. ಅದರಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಗೆ ಒಂದು ಕನ್ನಡಿ, ಬೀಗ ಕೆಟ್ಟ ಒಂದು ಟ್ರಂಕು. ಬೀಗ ಕೊಳ್ಳುವಾಗಲೇ ಕೆಟ್ಟಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಪೇಟೆಯಲ್ಲಿ ಮುಂಬಯಿ ಮಾದರಿಯ ಒಂದು ದೊಡ್ಡ ಅಂಗಡಿಯಿದೆ. ಒಂದೇ ಮಾಡಿನ ಕೆಳಗೆ ಒಂದು ಕಡೆ ಬೂಟು, ಒಂದು ಕಡೆ ಕೊಡೆ, ಒಂದು ಕಡೆ ಗಾಜಿನ ಸಾಮಾನು, ನಡುವೆ ಬಟ್ಟೆ. ಅದರ ಬಾಗಿಲಿಗೆ “ಸೇಲ್” ಎಂಬ ಕೆಂಪು ಹಲಗೆ ತೂಗಿದ ವಾರ ಊರಿನ ಹೆಂಗಸರ ಮಾತಿನಲ್ಲಿ ಬೇರೆ ವಿಷಯವೇ ಇರಲಿಲ್ಲ. ನಾನು ಬರಿಯ ಕುತೂಹಲದಿಂದ ಒಳಗೆ ಹೋದೆ. ಬರಿಯ ಕುತೂಹಲದಿಂದ ಹೋದವರು ಬರಿಗೈಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ನೀರುಳ್ಳಿ ಸಿಪ್ಪೆಯ ಬಣ್ಣದ, ಹಸಿರು ಅಂಚಿನ ಸೀರೆಯೊಂದು ನನ್ನ ಜೊತೆ ಬಂದಿತು. ರಸೀದಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಮಾಲಿನಲ್ಲಿ ದೋಷ ಕಂಡರೆ ಎಂಟು ದಿನದೊಳಗೆ ಬದಲಿ ಕೊಡಲಾಗುವುದು, ಆದರೆ ಘಡಿ ಮುರಿದಿರಬಾರದು, ಎಂದು ಅಚ್ಚು ಮಾಡಿತ್ತು. ನನಗೆ ಸಣ್ಣ ಅಕ್ಷರಗಳನ್ನು ಮೊದಲು ಓದುವ ಅಭ್ಯಾಸ.

ಘಡಿಯೆಂದರೆ ಹೊಸ ಸೀರೆಯ ಅಂಗಡಿಯ ಮಡಿಕೆ. ಅದನ್ನು ಬಿಚ್ಚಿ ಮೊದಲ ಸಲ ಉಡುವುದೇ ಘಡಿ ಮುರಿಯುವುದು. ನಮ್ಮ ಕಡೆ ಸೀರೆ ಕೊಂಡವಳು ತಾನೇ ಘಡಿ ಮುರಿಯದೆ, ಪ್ರೀತಿಯ ಒಬ್ಬಳ ಕೈಗೆ ಕೊಟ್ಟು “ನೀನು ಒಂದು ಸಲ ಉಟ್ಟು ಕೊಡು” ಎನ್ನುವುದುಂಟು. ಕೊಟ್ಟವಳಿಗಿಂತ ಉಟ್ಟವಳಿಗೆ ಅದರಲ್ಲಿ ಹೆಚ್ಚು ಹೆಮ್ಮೆ. ನಾನು ಅಷ್ಟು ಸಲಿಗೆಯವಳಲ್ಲವಾದ್ದರಿಂದ ನನ್ನ ಸೀರೆಗಳ ಘಡಿಯನ್ನು ನಾನೇ ಮುರಿಯುತ್ತ ಬಂದಿದ್ದೇನೆ. ಶಾಂತಾಬಾಯಿಗೆ ಇದು ಸರಿಬರುವುದಿಲ್ಲ.

“ಯಾರ ಕೈಲಿ ಘಡಿ ಮುರಿಸ್ತ್ರಿ, ಅಕ್ಕೋರೇ?” ಎಂದು ಸೀರೆಯನ್ನು ತಿರುವಿ ಮುರುವಿ ನೋಡುತ್ತ ಅವರು ಕೇಳಿದರು. ನಮ್ಮಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. “ನನ್ನ ಸೊಸೆ ಅದಾಳೆ. ಆಚೆ ಮನೆ ಸುಮತಿ ಅದಾಳೆ. ಯಾರೂ ಬೇಡಾ ಅಂದ್ರೆ ನಾನಾದ್ರೂ ಇಲ್ವಾ? ನಾನು ದಪ್ಪ ಹೇಳಿ ಹೆದರೂದು ಬೇಡ.”

ಅವರ ತಂಗಿ ಗಂಗಕ್ಕ ಅಲ್ಲಿಯೇ ಗೋಡೆಗೆ ಒರಗಿ ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನನ್ನದೇ ವಯಸ್ಸು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು, ಅಂಚಿಲ್ಲದ ಮಸುಕು ಸೀರೆಯುಟ್ಟು, ಅಕ್ಕನ ಮನೆಗೆ ಬಂದವಳು. ಶಾಂತಾಬಾಯಿಯ ಎಣಿಕೆಯಲ್ಲಿ ಅವಳ ಹೆಸರು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ವಿಧವೆಯ ಕೈಯಲ್ಲಿ ಯಾರೂ ಘಡಿ ಮುರಿಸುವುದಿಲ್ಲ. ಅವಳು ತಲೆಯೆತ್ತದೆ ಒಂದು ಬತ್ತಿ ಮುಗಿಸಿ ಇನ್ನೊಂದನ್ನು ಹಿಡಿದಳು. ನಾನು, “ನಾನೇ ಉಡುತ್ತೇನೆ, ಅವಸರವೇನು?” ಎಂದು ಹೇಳಿ ಸೀರೆಯನ್ನು ಟ್ರಂಕಿನಲ್ಲಿಟ್ಟೆ.

ಮರುದಿನವೇ ದೋಷ ಕಂಡಿತು. ಘಡಿಯಲ್ಲಿದ್ದ ಸೀರೆಯ ಅಂಚುಗಳು ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನಾನು ಬೆರಳಿನಿಂದ ಒಂದೊಂದನ್ನೇ ಮೇಲೆತ್ತಿ ನೋಡಿದೆ. ಏಳನೆಯ ಮಡಿಕೆಯಲ್ಲಿ ಹಸಿರು ಅಂಚು ತೆಳ್ಳಗಾಗಿತ್ತು. ಕಣ್ಣಿನ ಭ್ರಮೆಯಿರಬಹುದೆಂದು ಶಾಲೆಯ ಕಂಪಾಸು ಪೆಟ್ಟಿಗೆಯಿಂದ ಪಟ್ಟಿ ತಂದು ಅಳೆದೆ. ಕಾಲು ಇಂಚು ಕಡಿಮೆ. ಎಂಟನೆಯದರಲ್ಲಿಯೂ ಹಾಗೆಯೇ, ಒಂಬತ್ತರಲ್ಲಿ ಮತ್ತೆ ಸರಿ. ನೇಯುವವನು ನಡುವೆ ಎದ್ದುಹೋದನೋ, ಬೇರೆ ಯಾರಾದರೂ ಬಂದು ಕೂತರೋ ಎಂದು ಬಹಳ ಹೊತ್ತು ಯೋಚಿಸಿದೆ. ಭಾನುವಾರ ಅಂಕೋಲೆಗೆ ಹೋದಾಗ ಆಯಿಗೆ ಹೇಳಿದೆ. ಆಯಿ, “ಕಾಲು ಇಂಚು ನಿರಿಗೆಯೊಳಗೆ ಹೋಗ್ತದೆ. ಪಟ್ಟಿ ಹಿಡ್ಕಂಡು ನಿನ್ನ ಹಿಂದೆ ಬರೂಕೆ ಯಾರಿಗೆ ಪುರಸೊತ್ತದೆ?” ಎಂದಳು. ಅಪ್ಪ ಕೊಡೆಯನ್ನು ನೋಡಿದರು. ಆ ನೋಟವೇ ನನ್ನನ್ನು ಕೆರಳಿಸಿತು. ಮನೆತನದಲ್ಲಿ ಒಬ್ಬಳಾದರೂ ಒಂದು ವಸ್ತುವನ್ನಾದರೂ ಹಿಂದಿರುಗಿಸಬೇಕೆಂದು ನಿಶ್ಚಯಿಸಿ ಸಂಜೆಯ ಮೋಟಾರು ಹತ್ತಿದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಸೀರೆಯನ್ನು ಟ್ರಂಕಿನಿಂದ ತೆಗೆದು ಕಾಗದದಲ್ಲಿ ಸುತ್ತಿ ಅಂಗಡಿಗೆ ಹೋದೆ. ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನು ಮೂರು ಸಲ ಪಾಠ ಮಾಡಿಕೊಂಡಿದ್ದೆ. ಮಾಲಕರನ್ನು ಎಲ್ಲರೂ ಶೇಟ್ರು ಎನ್ನುತ್ತಾರೆ. ಒಳ್ಳೆಯ ಮನುಷ್ಯರು, ಅದೇ ತೊಂದರೆ. ಒಳ್ಳೆಯವರ ಮುಂದೆ ಜಗಳದ ಪಾಠ ಮರೆತುಹೋಗುತ್ತದೆ.

“ಬನ್ನಿ ಅಕ್ಕೋರೇ, ಕೂತ್ಕಳಿ. ಎಂತ ತೋರಿಸ್ಲಿ?”

“ಈ ಸಲ ತೋರಿಸಬೇಕಾದವಳು ನಾನು,” ಎಂದು ಪಟ್ಟಿ ತೆಗೆದೆ. ಅಳತೆಗಳನ್ನು ಬರೆದ ಚೀಟಿಯನ್ನೂ ಮುಂದಿಟ್ಟೆ. ಶೇಟ್ರು ಕನ್ನಡಕ ಏರಿಸಿ, ಚೀಟಿ ಓದಿ, ಅಂಚು ನೋಡಿ, “ದೋಷ ಹೌದು. ನನ್ನ ಆಯುಷ್ಯದಲ್ಲಿ ಸೀರೆಗೆ ಭೂಮಿತಿ ಲೆಕ್ಕ ಹಚ್ಚಿದವ್ರನ್ನ ನೋಡ್ಲಿಲ್ಲಾಗಿತ್ತು,” ಎಂದರು. “ಬೇರೆ ಸೀರೆ ಆರಿಸಿ. ವಿಠೋಬಾ, ಇದನ್ನ ಒಳಗೆ ಇಡೋ.”

ವಿಠೋಬಾ ಆ ಅಂಗಡಿಯಲ್ಲಿ ಬಟ್ಟೆಗಳಿಗೆ ಘಡಿ ಹಾಕುವ ಮುದುಕ. ಸೀರೆಯನ್ನು ಅಂಗೈಯ ಮೇಲೆ ಇಟ್ಟುಕೊಂಡವನು ಅಲ್ಲಿಯೇ ನಿಂತ.

“ಇದು ನನ್ನ ಘಡಿ ಅಲ್ಲ, ಶೇಟ್ರೇ.”

“ಸುಮ್ನಿರೋ. ಘಡಿಗೆ ನಿನ್ನ ಹೆಸರು ಬರದದ್ಯೋ?”

“ನನ್ನ ಹೆಂಡ್ತಿ ಮೈಮೇಲೂ ಹೆಸರು ಬರೀಲಿಲ್ಲ. ಗುರ್ತ ಸಿಗೂದಿಲ್ವಾ?” ಎಂದು ಅವನು ಕೊನೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತಿರುವಿದ. “ನಾನು ತುದಿ ಒಳಗೆ ಸೇರಿಸೂದು ಎಡಕ್ಕೆ. ಇಲ್ಲಿ ಬಲಕ್ಕೆ ಅದೆ. ಆದ್ರೆ ಮಡಚಿದ ಕೈ ಭಾರೀ ಚಲೋದು. ಉಳ್ದ ಗೆರೆ ಎಲ್ಲಾ ನನ್ನ ಗೆರೆ ಮೇಲೇ ಕೂತದೆ.”

ನಾನು ಗಂಭೀರಳಾದೆ. ಘಡಿ ಮುರಿದಿಲ್ಲವೆಂದೂ, ಟ್ರಂಕಿನಿಂದ ನೇರವಾಗಿ ತಂದೆನೆಂದೂ, ಸುಳ್ಳು ಹೇಳುವ ಅಭ್ಯಾಸ ನನಗಿಲ್ಲವೆಂದೂ ಪೂರ್ಣ ವಾಕ್ಯಗಳಲ್ಲಿ ಹೇಳಿದೆ. ಅಷ್ಟರಲ್ಲಿ ವಿಠೋಬಾ ಸೀರೆಯನ್ನು ಮೇಜಿನ ಮೇಲೆ ಬಿಚ್ಚಿದ್ದ. ಒಳಮಡಿಕೆಯಿಂದ ಉಗುರಿನಷ್ಟು ಹತ್ತಿಯ ಎಳೆ ಹಾರಿ ನನ್ನ ಚೀಟಿಯ ಮೇಲೆ ಕೂತಿತು. ಅರ್ಧ ಹೊಸೆದ ಬತ್ತಿ.

ಶಾಂತಾಬಾಯಿಯ ಮನೆಯಲ್ಲಿ ಹತ್ತಿ ಮುಟ್ಟುವ ಕೈ ಒಂದೇ. ಭಾನುವಾರ ನಾನು ಅಂಕೋಲೆಯಲ್ಲಿದ್ದೆ. ಶಾಂತಾಬಾಯಿ ಸೊಸೆಯನ್ನು ಕರೆದುಕೊಂಡು ಅರಿಶಿನ ಕುಂಕುಮಕ್ಕೆಂದು ಶಿರವಾಡಕ್ಕೆ ಹೋಗಿದ್ದರು. ಅಂಥ ಕಡೆ ಗಂಗಕ್ಕನನ್ನು ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಲೆಕ್ಕ ಇಷ್ಟು ಸುಲಭವಾಗಿರಬಾರದಾಗಿತ್ತು.

ಶೇಟ್ರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಅಕ್ಕೋರು ಉಡ್ಲಿಲ್ಲ ಅಂದ್ರೆ ಉಡ್ಲಿಲ್ಲ. ಮನೇಲಿ ಮತ್ಯಾರಾದ್ರೂ ಉಟ್ಟಿರಬಹುದು. ಶಾಂತಾಬಾಯಿ ನಮ್ಮ ಹಳೇ ಗಿರಾಕಿ. ವಿಠೋಬಾನನ್ನ ಈಗಲೇ ಕಳಿಸ್ತೆ. ಅವ್ರು ಮನೇಲಿ ಎಲ್ಲಾರಿಗೂ ಕೇಳಿ ಇಲ್ಲ ಅಂದ್ರೆ ಮುಗೀತು. ಸೀರೆ ನಾನು ತಕ್ಕಳ್ತೆ.”

ವಿಠೋಬಾ ಆಗಲೇ ಮೆಟ್ಟು ಹುಡುಕುತ್ತಿದ್ದ. ಅವನು ಆ ಹತ್ತಿಯ ಎಳೆಯನ್ನು ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ನಿಂತರೆ ಶಾಂತಾಬಾಯಿ ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಉತ್ತರ ತಿಳಿದುಕೊಳ್ಳುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಅವರ ಧ್ವನಿ ದೊಡ್ಡದು, ಜಗಲಿ ರಸ್ತೆಯ ಬದಿಗಿದೆ, ಗಂಗಕ್ಕ ಇನ್ನೂ ನಲವತ್ತು ವರ್ಷ ಆ ಮನೆಯಲ್ಲಿ ಇರಬೇಕಾದವಳು.

“ನಾನೇ ಉಟ್ಟಿದ್ದೆ,” ಎಂದೆ.

ಶೇಟ್ರು ಕನ್ನಡಕ ಇಳಿಸಿದರು. “ಈಗ ಉಡ್ಲಿಲ್ಲ ಅಂದ್ರಲ್ಲ?”

“ಹೊರಗೆ ಉಡಲಿಲ್ಲ. ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಉಟ್ಟು ನೋಡಿದೆ. ಶನಿವಾರ ಬೆಳಿಗ್ಗೆ. ಎಂಟೂವರೆಗೆ.” ಸುಳ್ಳಿಗೂ ವೇಳೆ ನಮೂದಿಸುವ ಅಗತ್ಯವಿರಲಿಲ್ಲ, ಅಭ್ಯಾಸ ಬಿಡಬೇಕಲ್ಲ. “ಹತ್ತಿ ಕಿವಿಗೆ ಇಟ್ಟುಕೊಂಡಿದ್ದೆ. ಶೀತ.”

ವಿಠೋಬಾ ನನ್ನನ್ನೂ ಹತ್ತಿಯನ್ನೂ ನೋಡಿ, “ಅಕ್ಕೋರ ಕೈ ಇಷ್ಟು ಚಲೋದು ಹೇಳಿ ಗೊತ್ತಿರ್ಲಿಲ್ಲ. ಶಾಲೆ ಬೇಸರ ಬಂದ್ರೆ ಇಲ್ಲಿ ಬನ್ನಿ,” ಎಂದು ಸೀರೆಯನ್ನು ತನ್ನ ರೀತಿಯಲ್ಲಿ ಮಡಚಿ ಕೊಟ್ಟ. ತುದಿ ಎಡಕ್ಕೆ.

ಕಾರವಾರ ಚಿಕ್ಕ ಊರು. ನಾನು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಚೆ ಮನೆಯ ಸುಮತಿ ಗಾಜಿನ ಸಾಮಾನಿನ ಕಡೆ ಇದ್ದಳಂತೆ. ಶಾಂತಾಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದರು. “ಬಾಗಿಲು ಹಾಕ್ಕಂಡು, ಕನ್ನಡಿ ಮುಂದೆ! ನಾನು ಅಕ್ಕೋರು ಅಂದ್ರೆ ಪುಸ್ತಕ ಬಿಟ್ಟು ಮತ್ತೆಂತ ನೋಡೂದಿಲ್ಲ ಅಂದ್ಕಂಡಿದ್ದೆ. ಚಂದ ಇದ್ದವ್ರು ನೋಡ್ಕಳ್ಳದೆ ಎಂತ ಮಾಡ್ತ್ರು!” ಎರಡು ವರ್ಷಗಳಿಂದ ನಾನು ಎಚ್ಚರಿಕೆಯಿಂದ ಕಟ್ಟಿಕೊಂಡು ಬಂದ ಗಾಂಭೀರ್ಯ ಜಗಲಿಯ ಮೇಲೆ ಬಿದ್ದು ಹೋಯಿತು. ಮರುದಿನ ಶಾಲೆಯಲ್ಲಿ ಐದನೆಯ ತರಗತಿಯ ಹುಡುಗಿಯರು ನನ್ನನ್ನು ಹೊಸ ಆದರದಿಂದ ನೋಡಿದ್ದು ಬೇರೆ.

ಆ ಸೋಮವಾರ ಸಂಜೆ ಚಹ ತಂದವಳು ಗಂಗಕ್ಕ. ಲೋಟವನ್ನು ಮೇಜಿನ ಮೇಲಿಟ್ಟು, ಹೋಗದೆ ನಿಂತಳು. ನಾನು ಸೀರೆಯ ಕಡೆಗೆ ನೋಡಲಿಲ್ಲ, ಅವಳೂ ನೋಡಲಿಲ್ಲ.

“ಉಟ್ಟಾಗ ಹೇಂಗೆ ಕಾಣ್ತಿತ್ತು, ಅಕ್ಕೋರೇ?” ಎಂದಳು, ಸ್ವರದಲ್ಲಿ ಏನೂ ಇಲ್ಲದ ಹಾಗೆ.

ಉಡದ ಸೀರೆ ಹೇಗೆ ಕಾಣುತ್ತಿತ್ತೆಂದು ಹೇಳುವುದು ಬಿ.ಎ.ಯಲ್ಲಿ ಕಲಿಸಿರಲಿಲ್ಲ. “ಚೆನ್ನಾಗಿಯೇ ಇತ್ತು,” ಎಂದೆ. “ಆದರೆ ಕನ್ನಡಿ ಚಿಕ್ಕದು. ಸೊಂಟದವರೆಗೆ ಮಾತ್ರ ಕಂಡಿತು.”

“ನೆಲದ ಮೇಲೆ ನಿಂತ್ರೆ ಅಷ್ಟೇ ಕಾಣೂದು,” ಎಂದು ಅವಳು ಕೂಡಲೇ ಹೇಳಿದಳು. “ಮೊದ್ಲು ಕೆಳಗೆ ನಿಂತು ಮೇಲಿನ ಅರ್ಧ ನೋಡ್ಕಳೂದು. ಮತ್ತೆ ಟ್ರಂಕಿನ ಮೇಲೆ ಹತ್ತಿ ಕೆಳಗಿನ ಅರ್ಧ. ಕಣ್ಣು ಮುಚ್ಚಿ ಎರಡನ್ನೂ ಕೂಡಿಸ್ಕಂಡ್ರೆ ಪೂರಾ ಕಾಣ್ತದೆ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳಿಗೆ ಕೇಳಿಸಿತು. ಕೈ ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆಯಿತು. ನನಗೆ ಹೇಳಲು ಹತ್ತು ಒಳ್ಳೆಯ ಮಾತುಗಳು ಹೊಳೆದವು. ಹತ್ತೂ ಯಾರೋ ಬರೆದದ್ದನ್ನು ಓದಿದ ಹಾಗೆ ಕೇಳಿಸುತ್ತಿದ್ದವು.

“ಟ್ರಂಕು ಭಾರ ತಡೆಯುತ್ತದೆಯೇ?” ಎಂದು ಕೇಳಿದೆ.

ಗಂಗಕ್ಕ ಟ್ರಂಕನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಮೂಗಿನ ತುದಿ ಕೆಂಪಗಾಯಿತು. “ನನ್ನ ತಡೀತು,” ಎಂದು ಹೇಳಿ ಹೊರಗೆ ಹೋಗಿ, ಬಾಗಿಲನ್ನು ತಾನೇ ಮೆಲ್ಲಗೆ ಎಳೆದುಕೊಂಡಳು.

ಚಹ ಕುಡಿದು ಮುಗಿಸುವ ತನಕ ನಾನು ತಡೆದುಕೊಂಡೆ. ಆಮೇಲೆ ಅಗಳಿ ಹಾಕಿ, ಸೀರೆ ಬಿಚ್ಚಿ ಉಟ್ಟು, ಮೇಲಿನ ಅರ್ಧ ನೋಡಿಕೊಂಡು, ಟ್ರಂಕು ಹತ್ತಿದೆ. ಮುಚ್ಚಳ ಡಬ್ಬೆಂದು ಸದ್ದು ಮಾಡಿತು. ಅಡಿಗೆಮನೆಯಿಂದ ಶಾಂತಾಬಾಯಿಯ ಧ್ವನಿ ಬಂದಿತು: “ಅಕ್ಕೋರೇ, ಮತ್ತೆ ಕನ್ನಡಿ ಮುಂದೆಯಾ?”

“ಹೌದು,” ಎಂದು ಟ್ರಂಕಿನ ಮೇಲಿನಿಂದಲೇ ಕೂಗಿದೆ. ಈ ಸಲ ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.