ಹೊಳ್ಯಾಗ ಪಲ್ಟಿ ಹೊಡದ ನಮ್ಮ ದೋಸ್ತ

ನಮ್ಮ ದೋಸ್ತನ ಬಾಜೂಕ ಸುಮ್ನ ನಿಂತ್ರೂ ಏನರ ಒಂದು ಆಗ್ತೈತಿ. ಅಂವಾ ಬೆಟಗೇರ್ಯಾಗ ಮೋಟರ್ ರಿವೈಂಡಿಂಗ್ ಮಾಡಾಂವ, ನಾ ಬಾಜೂ ಅಂಗಡಿ ಟೇಲರ್. ಇಬ್ರಿಗೂ ಐವತ್ತರ ಹತ್ರ. ಗೋವಾದಾಗ ಯಾರೋ ಕೆಟ್ಟೈತಿ ಅಂತ ಬಿಟ್ಟಿದ್ದ ಜೆಟ್ ಸ್ಕೀ ಒಂದನ್ನ ಟೆಂಪೋದಾಗ ಹಾಕ್ಕೊಂಡು ಬಂದು ರಿಪೇರಿ ಮಾಡಿದ. ನೀರಿನ ಮ್ಯಾಲೆ ಓಡೂ ಮೋಟರ್ ಸೈಕಲ್ ಅನ್ರಿ, ಆದ್ರ ಸೀಟಿಲ್ಲ, ನಿಂತ ಓಡಸಬೇಕು. ಅದರ ಸಮೇತ ಗಾಳ್ಯಾಗ ಒಂದು ಪೂರಾ ಪಲ್ಟಿ ಹೊಡದು, ಮತ್ತ ನಿಂತಗೊಂಡ ಇಳೀಬೇಕು ಅಂತ ಅವನ ಆಸೆ. ಮುಂಡರಗಿ ಕಡೆ ಹೊಳಿ ದಂಡಿಗೆ ಅವನ ಹೆಂಡ್ತಿದು, ಅಂದ್ರ ನಮ್ಮ ವೈನಿದು, ತವರಿನ ಮೆಣಸಿನಕಾಯಿ ಹೊಲ ಐತಿ. ಐತವಾರಕ್ಕೊಮ್ಮೆ ಅಲ್ಲೇ ಕಲಿಯೂದು ಸುರು ಆತು.

೧. ಹರಕಿ

ಮೊದಲು ಅದರ ಮ್ಯಾಲೆ ಮೊಣಕಾಲು ಊರಬೇಕು, ಓಟ ಹಿಡದ ಮ್ಯಾಲೆ ಎದ್ದು ನಿಂದ್ರಬೇಕು. ಇಂವಾ ಊರತಿದ್ದ, ಏಳತಿದ್ದ, ಬೀಳತಿದ್ದ. ಈಸಿ ಬಂದು ಮತ್ತ ಊರತಿದ್ದ. ಅರಿಬಿ ಒಗ್ಯಾಕ ಬಂದ ಅಜ್ಜಿ ಒಬ್ಬಾಕಿ ನೋಡೇ ನೋಡಿದ್ಲು.

"ಏನ ಹರಕಿ ಹೊತ್ತಾನೋ ತಮ್ಮಾ?"

"ಎದ್ದು ನಿಂದ್ರೂ ಹರಕಿ ಬೇ," ಅಂದೆ ನಾ.

"ಎಷ್ಟು ದಿನದ್ದು?"

"ಮೂರು ವಾರ ಆತು. ದೇವ್ರು ಇನ್ನೂ ಏಳು ಅಂದಿಲ್ಲ."

೨. ಎಷ್ಟು ಇಂಚು?

ನಾಕನೇ ವಾರ ನಿಂತ! ಯಂತ್ರ ಹಿಂದಿನಿಂದ ಆಳೆತ್ತರ ನೀರು ಚಿಮ್ಮಿಸ್ಕೋಂತ ಹೊಂಟ್ರ ನನ್ನ ಬಾಯಿ ತೆರದದ್ದು ಮುಚ್ಚಲಿಲ್ಲ. ಬಾಜೂ ಹೊಲದ ರೈತನೂ ಬೆರಗಾಗಿ ಕೇಳಿದ, "ಭಾರಿ ಐತಲ್ರಿ! ಎಷ್ಟು ಇಂಚಿನ ಪೈಪ್ ಕುಂಡ್ರತೈತಿ?"

ಹೊಲದಾಗಿದ್ದ ವೈನಿ ಕಿವಿಗೆ ಬಿತ್ತು. "ಹೌದಲ್ಲ!" ಅಂದ್ಲು. ಅವತ್ತ ಕರಾರು ಆತು. ಮುಂದಿನ ತಿಂಗಳ ಕಡೀ ಐತವಾರ ಆಕಿ ಕಣ್ಮುಂದ ಒಂದು ಪೂರಾ ಪಲ್ಟಿ ಹೊಡದ್ರ ಯಂತ್ರ ಗಂಡಂದು. ಇಲ್ಲಾಂದ್ರ ಅದು ಮೆಣಸಿನಗಿಡಕ್ಕ ನೀರು ಹೊಡಿಯೂ ಪಂಪು.

ಮುಂದಿನ ವಾರ ಆಕಿ ಟೇಪ್ ಹಿಡ್ಕೊಂಡು ಬಂದು ಯಂತ್ರದ ಬಾಯಿ ಅಳದ್ಲು. ಟೇಪ್ ನಂದು. ದೋಸ್ತ ಎರಡು ದಿನ ನನ್ನ ಸಂಗಡ ಮಾತು ಬಿಟ್ಟ.

೩. ಉಡದಾರ

ಬಿದ್ರ ಇಂಜಿನ್ ಬಂದಾಗಬೇಕು. ಅದಕ್ಕ ಒಂದು ದಾರ ಇರ್ತೈತಿ. ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಮಣಿಕಟ್ಟಿನ ಪಟ್ಟಿಗೆ. ಪಟ್ಟಿ ಗೋವಾದಾಗ ಉಳದಿತ್ತು. ದೋಸ್ತ ತನ್ನ ಉಡದಾರಕ್ಕ ಕಟ್ಟಿದ.

ಬಿದ್ದ. ಉಡದಾರ ಹರೀತು. ಇಂಜಿನ್ ಬಂದಾಗಲಿಲ್ಲ. ಯಂತ್ರ ತನ್ನಷ್ಟಕ್ಕ ತಾನ ದುಂಡಗ ಸುತ್ತು ಹೊಡಿಯಾಕತ್ತು, ಒಂದರಕ್ಕಿಂತ ಒಂದು ಚಂದ. ಲೈಫ್ ಜಾಕೆಟ್‌ನಾಗ ತೇಲಕೋಂತ ದೋಸ್ತ ಒದರಿದ, "ನೋಡಲೇ, ಹೆಂಗ ಕಲ್ತೈತಿ! ಮ್ಯಾಲೆ ನಾ ಇದ್ದೆ ಅಂತ ಇಷ್ಟು ದಿನ ಸಂಕೋಚ ಪಟ್ಟಿತ್ತು."

೪. ಪಲ್ಟಿ

ಕಡೀ ಐತವಾರ. ವೈನಿ ಬಗಲಾಗ ಕರೀ ಪೈಪಿನ ಸುರುಳಿ, ನನ್ನ ಕೈಯಾಗ ವಿಡಿಯೋ ಮಾಡಾಕ ಮೊಬೈಲ್. ದೋಸ್ತ ದೂರದಿಂದ ಬಂದ, ಯಂತ್ರದ ಮೂತಿ ಎತ್ತಿದ, ಜಿಗದ. ಯಂತ್ರ, ಮನುಷ್ಯಾ ಇಬ್ರೂ ಗಾಳ್ಯಾಗ ತಲಿಕೆಳಗ! ಬಿಸಲಿಗೆ ನೀರು ಬೆಳ್ಳಿ ಆಗಿತ್ತು. ಪೂರಾ ತಿರುಗಿ ಧಪ್ ಅಂತ ಇಳದ. ನಿಂತಗೊಂಡ. ದಂಡಿ ಮ್ಯಾಲೆ ಒಬ್ರಿಗೂ ಉಸರಿಲ್ಲ.

ದೋಸ್ತ ತಲಿ ತಗ್ಗಿಸಿ ದಂಡಿಗೆ ಬಂದ. ಪಾನಾ ತಗೊಂಡು ಇಂಜಿನ್ನಿನ ಬೋಲ್ಟು ಬಿಚ್ಚಾಕ ಕುಂತ. ನಮಗ ಬಾಯಿ ಬರೂದ್ರಾಗ ಅರ್ಧ ಬಿಚ್ಚಿದ್ದ.

"ಏನ್ ಮಾಡಾಕತ್ತೀರಿ?" ಅಂದ್ಲು ವೈನಿ.

"ನಿನ್ನ ಪಂಪು."

"ಅಯ್ಯ, ತಿರಿಗಿದ್ರಲ್ರಿ!"

"ಯಾರು?"

"ನೀವು!"

"ಸಮಾಧಾನ ಮಾಡಬ್ಯಾಡ. ನಾ ಹೆದರಿ ಕಣ್ಣು ಮುಚ್ಚಿದ್ದೆ. ತಿರಿಗಿದ್ರ ಯಾರರ ಒಬ್ರು ಚಪ್ಪಾಳಿ ತಟ್ಟತಿದ್ರಿ." ಮತ್ತೆರಡು ಬೋಲ್ಟು ಬಿಚ್ಚಿದ.

"ಟೇಲರಣ್ಣಾ, ವಿಡಿಯೋ ತೋರಸ್ರಿ!"

ತೋರಿಸಿದೆ. ಅದರಾಗ ನನ್ನ ಎರಡು ಚಪ್ಪಲಿ, ಸ್ವಲ್ಪ ಉಸುಕು, "ಅಬಬಬಾ" ಅಂತ ನನ್ನ ದನಿ. ಬೆರಗಿನಾಗ ಕೈ ಯಾವಾಗ ಕೆಳಗಾಗಿತ್ತೋ! ದೋಸ್ತ ಕಡೀ ಬೋಲ್ಟೂ ಬಿಚ್ಚಿ, "ಪೈಪ್ ತಾ" ಅಂತ ಕೈ ಚಾಚಿದ.

ವೈನಿ ಬಗಲು ನೋಡ್ಕೊಂಡ್ಲು. ಪೈಪಿಲ್ಲ. ನಮ್ಮಂವಾ ತಲಿಕೆಳಗ ಆದಾಗ ಆಕಿ ಬಗಲಿಂದ ಜಾರಿ, ನೀರಿಗೆ ಉರುಳಿ, ತೇಲಕೋಂತ ನಟ್ಟನಡುವ ಹೊಳಿಗೆ ಹೋಗಿತ್ತು. ಅದನ್ನ ನೋಡಿದ ಮ್ಯಾಲೆ ದೋಸ್ತ ನಂಬಿದ. ಮಾರಿ ಊರಗಲ ಆತು.

"ಜಲ್ದಿ ಹೋಗಿ ತರ್ರಿ, ಹೊಸಾ ಪೈಪ್ ಅದು!" ಅಂದ್ಲು ವೈನಿ.

ಅದನ್ನ ಹಿಡಿಯಾಕ ಜೆಟ್ ಸ್ಕೀನ ಬೇಕಿತ್ತು. ಅದರ ಬೋಲ್ಟೆಲ್ಲಾ ದೋಸ್ತನ ಮುಷ್ಟ್ಯಾಗ ಇದ್ದುವು.