ರುಚಿಗೆ ತಕ್ಕಷ್ಟು ಸಿಗಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಣ ಸಿಗಡಿಯನ್ನು ನಾನು ಯಾವತ್ತೂ ಮಾಂಸಾಹಾರದ ಲೆಕ್ಕಕ್ಕೆ ಸೇರಿಸಿದವನಲ್ಲ. ಮೀನು ಮೀನೇ, ಕೋಳಿ ಕೋಳಿಯೇ, ಅದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಸೌತೆಕಾಯಿ ಸಾರಿಗೆ ಒಂದು ಹಿಡಿ ಒಣ ಸಿಗಡಿ ಹಾಕಿದರೆ ಅದು ಸೌತೆಕಾಯಿ ಸಾರೇ ತಾನೆ? ಸಾಸಿವೆ ಸಿಡಿಸಿದ ಮಾತ್ರಕ್ಕೆ ಅದನ್ನು ಸಾಸಿವೆ ಸಾರು ಅಂತೇವೆಯೇ? ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬಸಳೆಗೆ, ಹಲಸಿನ ಬೀಜಕ್ಕೆ, ಕೊನೆಗೆ ತೊಂಡೆಕಾಯಿಗೂ ಸಿಗಡಿ ಹಾಕುತ್ತಿದ್ದಳು. ಹಾಕಿ, "ಇವತ್ತು ಬರೀ ತರಕಾರಿ ಮಾರಾಯ, ಸುಧಾರಿಸ್ಕೋ" ಎಂದು ಬೇಜಾರಿನಲ್ಲೇ ಬಡಿಸುತ್ತಿದ್ದಳು. ನಾವೂ ಬೇಜಾರಿನಲ್ಲೇ ಉಣ್ಣುತ್ತಿದ್ದೆವು.

ಇಂಥ ಮನೆಯಲ್ಲಿ ಬೆಳೆದ ನಾನು ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಕ್ಯಾಟರಿಂಗ್ ಸೂಪರ್‌ವೈಸರ್ ಆಗಿದ್ದೆ. ಕಾರ್ಮಿಕರ ಕ್ಯಾಂಪಿನ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಯಾವ ಹಂಡೆಯಲ್ಲಿ ಯಾವ ಮಸಾಲೆ ಕಮ್ಮಿ ಬಿದ್ದಿದೆ ಅಂತ ಮುಚ್ಚಳ ತೆಗೆಯದೆ ಹೇಳುತ್ತಿದ್ದೆ. ಈಗ ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್ನಿನಲ್ಲಿ ರಿಟೈರಾಗಿ ಕೂತಿದ್ದರೂ, ನಮ್ಮ ಕನ್ನಡದ ಹುಡುಗ ಹುಡುಗಿಯರು ಊರಿನ ಆ ತುದಿಯ ಜೂಂಡಲಪ್‌ನಿಂದ ರೈಲು ಹತ್ತಿ ಬಂದು "ಅಂಕಲ್, ನಿಮ್ಮ ಕೈರುಚಿ ಬಿಡಿ!" ಅಂತ ಹೊಗಳಿ, ತಿಂದು, ಡಬ್ಬಿಗೂ ತುಂಬಿಸಿಕೊಂಡು ಹೋಗುತ್ತಾರೆ. ಜಗತ್ತಿಗೆಲ್ಲ ಉಣ್ಣಿಸಿದ ಈ ಕೈಯಿಂದ ವರ್ಷಕ್ಕೂ ಮೇಲೆ ಒಂದು ತುತ್ತೂ ತಿನ್ನದೇ ಇದ್ದವಳು ಒಬ್ಬಳೇ. ನನ್ನ ಮಗಳು.

ಶರಲ್ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಮನೆ ಮಾಡಿಕೊಂಡು ಫಿಸಿಯೋ ಕೆಲಸ ಮಾಡುತ್ತಾಳೆ. ಅಲ್ಲಿಗೆ ಹೋದಮೇಲೆ ವೀಗನ್ ಆದಳು. ಆಚೆ ವರ್ಷದ ಕ್ರಿಸ್ಮಸ್ಸಿಗೆ ಮನೆಗೆ ಬಂದಾಗ ಅವಳಿಗೆಂದೇ ಬೀನ್ಸ್ ಪಲ್ಯ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡಳು. "ಪಪ್ಪಾ, ವಾಟ್ಸ್ ಇನ್ ದಿಸ್?" ಅಂತ ಕೇಳಿದಳು. ಹೊಗಳಿಕೆಗೆ ಉಬ್ಬಿಹೋದ ನಾನು, "ಏನಿಲ್ಲಮ್ಮ, ಕಾಯಿತುರಿ, ಬೆಳ್ಳುಳ್ಳಿ, ರುಚಿಗೆ ಒಂದಿಷ್ಟು ಸಿಗಡಿ ಪುಡಿ" ಅಂದುಬಿಟ್ಟೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಟ್ಟೆ ಪಕ್ಕಕ್ಕಿಟ್ಟು ಎದ್ದುಹೋದಳು. ಆಮೇಲೆ ಪರ್ತ್‌ಗೆ ಬಂದಾಗಲೆಲ್ಲ ತನ್ನ ಡಬ್ಬಿ ತಾನೇ ತಂದು, ನಮ್ಮ ಜೊತೆಗೇ ಕೂತು, ಅದನ್ನೇ ತಿಂದಳು. ನಗುನಗುತ್ತಲೇ ಮಾತಾಡುತ್ತಿದ್ದಳು, ಆದರೆ ಆ ಡಬ್ಬಿಯ ಮುಚ್ಚಳ ಟಕ್ಕೆಂದು ತೆಗೆದಾಗಲೆಲ್ಲ ನಾನು ನನ್ನ ಪಲ್ಯದ ಬೋಗುಣಿಯನ್ನು ಇನ್ನಷ್ಟು ಆಚೆ ಸರಿಸುತ್ತಿದ್ದೆ.

ಈ ವರ್ಷ ಗ್ಲಾಸ್ಗೋದಲ್ಲಿ ಗೆಳತಿಯ ಮದುವೆ ಅಂತ ಹೊರಟವಳು, ಆಮೇಲೆ ಒಂದು ವಾರ ಸ್ಕಾಟ್ಲೆಂಡಿನ ಯಾವುದೋ ದ್ವೀಪದಲ್ಲಿ ಇರೋಣ, ನೀವಿಬ್ಬರೂ ಬನ್ನಿ ಅಂದಳು. ನನ್ನ ಹೆಂಡತಿ ಫಿಲೋಮಿನಾ, ನನ್ನ ಬಾಯಲ್ಲಿ ಫಿಲ್ಲು, ಮೈಸೂರಿನವಳು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. "ರೀ, ಈ ಸಲ ಅವಳು ನಿಮ್ಮ ಕೈಯಡುಗೆ ತಿನ್ನಬೇಕು. ಅದೊಂದು ಆಗಲಿಲ್ಲ ಅಂದ್ರೆ ನಿಮ್ಮ ಇಪ್ಪತ್ತು ವರ್ಷದ ಸರ್ವಿಸ್ ಬಗ್ಗೆ ನನ್ನ ಮುಂದೆ ಇನ್ನು ತುಟಿ ಬಿಚ್ಚಬೇಡಿ" ಅಂದಳು.

ವೀಗನ್ ಅಂದರೆ ಏನು ಅಂತ ಓದಲು ಕೂತೆ. ಓದಿದಷ್ಟೂ ತಲೆ ಕೆಟ್ಟಿತು. ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ ಸರಿ. ಜೇನುತುಪ್ಪವೂ ಇಲ್ಲವಂತೆ! ಕೆಲವು ವೈನನ್ನು ತಿಳಿಗೊಳಿಸಲು ಮೀನಿನದೇನನ್ನೋ ಬಳಸುತ್ತಾರಂತೆ, ಹಾಗಾಗಿ ಅದೂ ಇಲ್ಲ. ನಮ್ಮ ತಪಸ್ಸುಕಾಲವಾದರೆ ನಲವತ್ತು ದಿನಕ್ಕೆ ಮುಗಿದು ಈಸ್ಟರ್ ಬರುತ್ತದೆ. ಇವಳದ್ದಕ್ಕೆ ಈಸ್ಟರೇ ಇಲ್ಲ. ಮಸ್ಕತ್ತಿನ ಹಳೆಯ ಸಹೋದ್ಯೋಗಿ ಲ್ಯಾನ್ಸಿ ಈಗ ಬ್ರಿಸ್ಬೇನಿನಲ್ಲಿದ್ದಾನೆ, ಅವನಿಗೆ ಫೋನು ಮಾಡಿದೆ. "ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಮಾರಾಯ, ಮೊಟ್ಟೆ ಹಾಕು, ಮೊಟ್ಟೆಗೆ ಏನೂ ಅನ್ನಲ್ಲ ಅವರು" ಅಂದ. ನನಗಿಂತ ದಡ್ಡನೊಬ್ಬ ಇದ್ದಾನೆಂದು ಸ್ವಲ್ಪ ಧೈರ್ಯ ಬಂತು.

ಶನಿವಾರ ಮಧ್ಯಾಹ್ನದ ದೋಣಿಗೆ ದ್ವೀಪ ಸೇರಿದೆವು. ಗಾಳಿ, ಕುರಿ, ಕಲ್ಲು, ಮತ್ತೆ ಕುರಿ. ಊರಿಗಿದ್ದ ಒಂದೇ ಹೋಟೆಲಿಗೆ ಹೋದರೆ ಮೆನುವಿನ ತುಂಬ ಮೀನು, ಏಡಿ, ಕುರಿಮಾಂಸ. ನನ್ನ ಬಾಯಲ್ಲಿ ನೀರೂರಿದರೂ ನುಂಗಿಕೊಂಡೆ. ಕೊನೆಗೆ ಒಂದು ತರಕಾರಿ ಸೂಪ್ ಕಂಡಿತು. ಬಡಿಸುವ ಹೆಂಗಸನ್ನು ಶರಲ್ ವಿಚಾರಿಸಿದಳು. "ಪೂರ್ತಿ ತರಕಾರಿಯೇ ಕಣಮ್ಮ, ರುಚಿಗೆ ಅಂತ ಒಂದು ಹಂದಿ ಮೂಳೆ ಹಾಕಿರ್ತೀವಿ, ಅಷ್ಟೇ" ಅನ್ನುವ ಅರ್ಥದಲ್ಲಿ ಆಕೆ ಹೇಳಿದಳು. ಅಬ್ಬಾ, ಎಂಥ ತಂಪಾದ ಮಾತು! ಸಾವಿರಾರು ಮೈಲಿ ಆಚೆ ನನ್ನ ಅಮ್ಮನ ಸಿದ್ಧಾಂತವನ್ನು ಅರೆದು ಕುಡಿದವರಿದ್ದಾರೆ! ಎದ್ದು ಆಕೆಯ ಕೈ ಕುಲುಕಬೇಕೆನ್ನಿಸಿತು. ಮಗಳ ಮುಖ ನೋಡಿ ಸುಮ್ಮನಾದೆ. ಅವಳು ಚಿಪ್ಸ್ ಕೇಳಿದಳು. ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರಂತೆ. ಆ ಹೊತ್ತು ಶರಲ್ ತಿಂದದ್ದು ಎರಡು ಟೊಮೆಟೊ ಮತ್ತು ಚೀಲದಲ್ಲಿದ್ದ ಒಂದಿಷ್ಟು ಬಾದಾಮಿ.

ನಾಳೆ ಅಂಗಡಿಗೆ ಹೋಗಿ ಸಾಮಾನು ತಂದು ನಾನೇ ಅಡುಗೆ ಮಾಡುತ್ತೇನೆ ಅಂತ ಘೋಷಿಸಿದೆ. ಬಾಡಿಗೆಗೆ ಹಿಡಿದಿದ್ದ ಮನೆಯ ಒಡತಿ, ಪಕ್ಕದ ಮನೆಯ ಅಜ್ಜಿ, ನನ್ನನ್ನು ಕನಿಕರದಿಂದ ನೋಡಿದಳು. ಆ ದ್ವೀಪದಲ್ಲಿ ಭಾನುವಾರ ಅಂಗಡಿಯಿಲ್ಲ, ಹೋಟೆಲಿಲ್ಲ, ದೋಣಿಯೂ ಇಲ್ಲ. ದೇವರ ದಿನ. ದೇವರ ದಿನ ನಮಗೂ ಇದೆ, ಆದರೆ ನಮ್ಮಲ್ಲಿ ಚರ್ಚಿನ ಪೂಜೆ ಮುಗಿಸಿ ಸೀದಾ ಮೀನು ಮಾರ್ಕೆಟ್ಟಿಗೆ ಹೋಗುವ ಪದ್ಧತಿ. ಅಜ್ಜಿ ಒಳಗೆ ಹೋಗಿ ಒಂದು ಪೊಟ್ಟಣ ಓಟ್ಸ್ ತಂದುಕೊಟ್ಟಳು. "ಹಾಲಿಲ್ಲದೆ ಹೇಗೆ ಮಾಡಲಿ?" ಎಂದೆ. ಆಕೆಗೆ ನನಗಿಂತ ಹೆಚ್ಚು ಆಶ್ಚರ್ಯ. ಹಾಲು ಯಾಕೆ, ತನ್ನ ಅಪ್ಪ ಬದುಕಿದ್ದ ತನಕ ನೀರು, ಉಪ್ಪು, ಓಟ್ಸ್ ಇಷ್ಟೇ ಉಂಡದ್ದು ಅಂದಳು.

ಭಾನುವಾರ ಬೆಳಿಗ್ಗೆ ನೀರು ಕುದಿಸಿ, ಉಪ್ಪು ಹಾಕಿ, ಓಟ್ಸ್ ಸುರಿದು ತಿರುವುತ್ತಾ ನಿಂತೆ. ಹಬೆ ಎದ್ದಿತು. ಅಯ್ಯೋ, ಇದು ಗಂಜಿ! ಅಪ್ಪಟ ಗಂಜಿ! ಜ್ವರ ಬಂದರೂ ಗಂಜಿ, ಬರದಿದ್ದರೂ ಗಂಜಿ ಅಂತ ಬೇಸತ್ತು ಗಲ್ಫಿಗೆ ಓಡಿಹೋದವನು ನಾನು. ಈಗ ಅದೇ ಗಂಜಿಯನ್ನು ಮಗಳ ಮುಂದೆ ಬಟ್ಟಲಲ್ಲಿಟ್ಟೆ. "ಬರೀ ನೀರು, ಉಪ್ಪು, ಓಟ್ಸ್. ದೇವರಾಣೆ" ಎಂದೆ. ಅವಳು ಒಂದು ಚಮಚ ತಿಂದಳು. ಇನ್ನೊಂದು ತಿಂದಳು. ನಾನು ಉಸಿರು ಬಿಟ್ಟೆ.

ಸಪ್ಪೆ ಗಂಜಿ ನನಗೆ ಇಳಿಯುವುದಿಲ್ಲ. ಯಾವುದಕ್ಕೂ ಇರಲಿ ಅಂತ ಪರ್ತ್‌ನಿಂದ ಕಾಲುಚೀಲದೊಳಗೆ ಸುತ್ತಿ ತಂದಿದ್ದ, ಫಿಲ್ಲು ಮಾಡಿದ ಸಿಗಡಿ ಚಟ್ನಿಪುಡಿಯ ಬಾಟಲಿಯನ್ನು ನನ್ನ ಬಟ್ಟಲ ಪಕ್ಕ ಇಟ್ಟುಕೊಂಡೆ. ಉಪ್ಪು ತರಲು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಶರಲ್ ಬಾಟಲಿ ಎತ್ತಿ ತನ್ನ ಗಂಜಿಯ ಮೇಲೆ ಕೆಂಪಗೆ ಉದುರಿಸಿಕೊಂಡಿದ್ದಳು. ತಿಂದೂ ಆಗಿತ್ತು. "ಓ ಪಪ್ಪಾ, ದಿಸ್ ಈಸ್ ಸೋ ಗುಡ್!" ಅಂದಳು.

ಒಂದು ವರ್ಷದ ಮೇಲೆ ಕೇಳಿದ ಮಾತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪುಡಿ ಮಾಡಿದ ಫಿಲ್ಲು ಕೂಡ ತುಟಿಪಿಟಕ್ಕೆನ್ನದೆ ನನ್ನನ್ನೇ ನೋಡುತ್ತಿದ್ದಳು. ಖುಷಿಯಾಗಿ ತಿನ್ನುತ್ತಿದೆ ಮಗು, ತಿನ್ನಲಿ ಬಿಡು ಅಂತ ಒಂದು ಮನಸ್ಸು. ಅವಳು ಮತ್ತೆ ಚಮಚ ಎತ್ತಿದಳು. ನಾನು ಬಟ್ಟಲನ್ನು ಕಿತ್ತುಕೊಂಡೇಬಿಟ್ಟೆ. "ತಿನ್ನಬೇಡಮ್ಮ! ಅದರಲ್ಲಿ ಸಿಗಡಿ ಇದೆ! ನನ್ನದೇ ತಪ್ಪು, ಬಾಟಲಿ ಅಲ್ಲಿಡಬಾರದಿತ್ತು. ಹೋಗು, ಬಾಯಿ ಮುಕ್ಕಳಿಸು" ಅಂತ ಕೂಗಿದೆ. ಕಣ್ಣಲ್ಲಿ ನೀರೇ ಬಂದುಬಿಟ್ಟಿತು, ಖಾರದ ನೆಪ ಹೇಳಲು ನಾನಿನ್ನೂ ಒಂದು ಚಮಚವೂ ತಿಂದಿರಲಿಲ್ಲ.

ತಾಯಿ ಮಗಳು ಮುಖಮುಖ ನೋಡಿಕೊಂಡು ಗೊಳ್ಳೆಂದು ನಕ್ಕರು. ನನಗೆ ತಲೆಬುಡ ತಿಳಿಯಲಿಲ್ಲ. "ರೀ, ಕೂತ್ಕೊಳ್ಳಿ. ಅದರಲ್ಲಿ ಸಿಗಡಿ ಹಾಕೋದು ನಿಲ್ಲಿಸಿ ಒಂದು ವರ್ಷದ ಮೇಲಾಯ್ತು" ಅಂದಳು ಫಿಲ್ಲು. ಕ್ರಿಸ್ಮಸ್ ಆದ ಮಾರನೇ ತಿಂಗಳಿಂದಲೇ ಶರಲ್ ಅಡಿಲೇಡಿನಿಂದ ಒಣಗಿಸಿದ ಕಡಲ ಪಾಚಿಯನ್ನು ಕಳಿಸುತ್ತಿದ್ದಳಂತೆ. ಇವಳು ಅದನ್ನು ಹುರಿದು, ಕೊಬ್ಬರಿ, ಬೆಳ್ಳುಳ್ಳಿ, ಮೆಣಸಿನಕಾಯಿ ಜೊತೆ ಪುಡಿ ಮಾಡಿ ನನಗೆ ಬಡಿಸುತ್ತಿದ್ದಳಂತೆ. "ನೀವೇ ತಾನೆ ಪ್ರತಿ ಸಲ, ಸಿಗಡಿ ಅಂದ್ರೆ ಇದು ಕಣೆ ಅಂತಿದ್ದಿದ್ದು?"

ಮುಚ್ಚಳ ತೆಗೆಯದೆ ಹಂಡೆಯ ಗುಟ್ಟು ಹೇಳುತ್ತಿದ್ದವನ ಮೂಗು! ಎಲ್ಲಿಟ್ಟುಕೊಳ್ಳಲಿ ಅದನ್ನು? "ಹಾಗಾದರೆ ಮೊದಲೇ ಹೇಳಬಾರದಿತ್ತೇನಮ್ಮ?" ಅಂತ ಮಗಳನ್ನು ಕೇಳಿದೆ. ಅವಳು ನಗು ನಿಲ್ಲಿಸಿದಳು. "ಐ ವಾಂಟೆಡ್ ಟು ಸೀ ಇಫ್ ಯೂ'ಡ್ ಟೆಲ್ ಮೀ" ಅಂದಳು. ನಾನು ಹೇಳುತ್ತೇನೋ ಇಲ್ಲವೋ ನೋಡಬೇಕಿತ್ತಂತೆ. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟಲನ್ನು ವಾಪಸ್ ತೆಗೆದುಕೊಂಡು, ಅಪರೂಪಕ್ಕೆ ಕನ್ನಡದಲ್ಲೇ, "ಗಂಜಿ ಇನ್ನೊಂಚೂರು ಹಾಕಿ, ಪಪ್ಪಾ" ಅಂದಳು. ಆ ವಾರವೆಲ್ಲ ಮೂರೂ ಹೊತ್ತು ನಾನೇ ಅಡುಗೆ ಮಾಡಿದೆ. ಅವಳ ಡಬ್ಬಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಪರ್ತ್‌ಗೆ ಮರಳಿದ ಮೇಲೆ, ಪಾಪ, ಗಂಡನಿಗೆ ಮೋಸ ಮಾಡಿದೆನಲ್ಲ ಅಂತ ಫಿಲ್ಲುಗೆ ಅನ್ನಿಸಿರಬೇಕು. ಒಂದು ದಿನ ನಿಜವಾದ ಒಣ ಸಿಗಡಿ ತರಿಸಿ, ಹದವಾಗಿ ಹುರಿದು, ಹೊಸದಾಗಿ ಪುಡಿ ಮಾಡಿ, ಬಿಸಿ ಅನ್ನದ ಮೇಲೆ ಉದುರಿಸಿ ಎದುರಿಗೆ ನಿಂತಳು. ನಾನು ಕಣ್ಣು ಮುಚ್ಚಿ ಚಪ್ಪರಿಸಿದೆ. ಮತ್ತೊಮ್ಮೆ ಚಪ್ಪರಿಸಿದೆ.

"ಯಾಕೋ ಮೊದಲಿನ ರುಚಿ ಬಂದಿಲ್ಲ ಕಣೆ" ಅಂದೆ. "ಸಿಗಡಿ ಸ್ವಲ್ಪ ಕಮ್ಮಿಯಾಯ್ತೇನೋ."