ಮಾರ್ತಾಳ ಚೀಲದ ಒಂಬತ್ತನೆಯ ರೊಟ್ಟಿ

ಇಲ್ಲ ಮಾನ್ಯರೇ, ಎಂಟಲ್ಲ, ಒಂಬತ್ತೇ. ತಮಗೂ, ತಮ್ಮನ್ನು ಶನಿವಾರ ಶನಿವಾರ ಕೊಚಬಾಂಬಾದಿಂದ ನಮ್ಮ ಗುಡ್ಡದ ಊರಿಗೆ ಹೊತ್ತು ತರುವ ಬಡಪಾಯಿ ಬಸ್ಸಿಗೂ ನೂರೆಂಟು ನಮಸ್ಕಾರ ಮಾಡಿ ಹೇಳುತ್ತಿದ್ದೇನೆ, ಒಂಬತ್ತು.

ಲಿಸೆನ್ಸಿಯಾದೋ ಅರಾಂದಿಯಾ ಅವರೇ, ಗಣಿತದ ಮೇಷ್ಟ್ರುಗಳಿಗೇ ಗಣಿತ ಕಲಿಸುವುದು ಹೇಗೆಂದು ಕಲಿಸುವ ತಮಗೆ, ಹತ್ತನೇ ತರಗತಿಗೆ ಪುಸ್ತಕ ಮಡಚಿಟ್ಟು ಅದೇ ಶಾಲೆಯ ಬಾಗಿಲು ಕಾಯುತ್ತಿರುವ ನಾನು ಎದುರು ಹೇಳುವುದು ಅಧಿಕಪ್ರಸಂಗವೇ. ಆದರೆ ಮಾದರಿ ಪಾಠಕ್ಕೆ ಮಕ್ಕಳು ಬೇಕೆಂದಾಗ, ಸಂತೆಯ ದಿನ ಮಕ್ಕಳೆಲ್ಲ ತಾಯಂದಿರ ಬುಟ್ಟಿಯ ಹಿಂದೆ ಹೋಗಿದ್ದಾಗ, ಪೊರಕೆ ಹಿಡಿದಿದ್ದ ನನ್ನನ್ನು ಒಂದನೇ ತರಗತಿಯ ಪುಟಾಣಿ ಬೆಂಚಿನಲ್ಲಿ ತುರುಕಿದವರು ತಾವೇ. ನನ್ನ ಮೊಣಕಾಲು ಇನ್ನೂ ತಮ್ಮನ್ನು ನೆನೆಯುತ್ತಿದೆ.

ತಮ್ಮ ತರಬೇತಿಯನ್ನು ಎಷ್ಟು ಹೊಗಳಿದರೂ ಸಾಲದು. ಪರಸ್ಪರ ಪರಿಚಯಕ್ಕೆಂದು ಹದಿನೇಳು ಶಿಕ್ಷಕರ ಕೈಯಿಂದ ಕೈಗೆ ಉಣ್ಣೆಯ ಉಂಡೆ ಎಸೆಸಿದಿರಿ. ಅವರ ಪರಿಚಯ ಅದೆಷ್ಟು ಗಾಢವಾಯಿತೆಂದರೆ, ಕೊನೆಗೆ ತೋಟದ ಕತ್ತರಿ ತಂದು ನಾನೇ ಬಿಡಿಸಬೇಕಾಯಿತು. ಆಮೇಲೆ ಹಲಗೆಯ ಮೇಲೆ 'ಮಗುವಿನ ಬದುಕಿನಿಂದಲೇ ಗಣಿತ' ಎಂದು ಮೂರು ಬಣ್ಣದಲ್ಲಿ ಬರೆದಿರಿ. ಅದನ್ನು ನಾನು ಮನಸಾರೆ ನಂಬಿದೆ. ನನ್ನ ತಪ್ಪು ಅಷ್ಟೇ.

ನಂತರ ಪ್ರೊಫೆಸೋರಾ ಮೆಲಾನಿಯಾ ತೆರ್ಸೆರೋಸ್ ಅವರಿಗೆ ಪಾಠದ ಸರದಿ ಬಂತು. ನನಗೆ ಕೂಡಿಸುವುದು, ಕಳೆಯುವುದು, ಸಿಟ್ಟು ನುಂಗುವುದು ಮೂರನ್ನೂ ಕಲಿಸಿದವರು ಅವರು. ಮೂರನೆಯದು ಪೂರ್ತಿ ಹತ್ತಲಿಲ್ಲ. ತಾವು ಕೊಟ್ಟ ಲೆಕ್ಕ ಇದು: ಮಾರ್ತಾ ಸಂತೆಯಲ್ಲಿ ಒಂದು ಡಜನ್ ರೊಟ್ಟಿ ಕೊಂಡು, ಅಜ್ಜಿಗೆ ನಾಲ್ಕು ಕೊಟ್ಟಳು, ಚೀಲದಲ್ಲಿ ಉಳಿದದ್ದೆಷ್ಟು? ಇದಕ್ಕೆ ಒಂಬತ್ತು ಎನ್ನದೆ ಇನ್ನೇನು ಹೇಳಲಿ? ಡಜನ್ ಕೊಂಡವರಿಗೆ ಮೇಲೊಂದು ಕೊಸರು ಹಾಕದೆ ಬುಟ್ಟಿ ಮುಚ್ಚುವ ರೊಟ್ಟಿಯಮ್ಮ ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

ತಾವು ನನ್ನನ್ನು ಬಿಟ್ಟು ಮೆಲಾನಿಯಾ ಅವರ ಕಡೆ ತಿರುಗಿದಿರಿ. "ಇಪ್ಪತ್ತಾರು ವರ್ಷ ಪಾಠ ಮಾಡಿ, ಡಜನ್ ಅಂದ್ರೆ ಎಷ್ಟು ಅಂತಾನೂ ಕಲಿಸ್ಲಿಲ್ವಲ್ಲಮ್ಮಾ" ಎಂದಿರಿ. ಅವರು ಸೀಮೆಸುಣ್ಣ ಕೆಳಗಿಟ್ಟು, "ಕೊಸರು ಬಿಟ್ಟು ಬಂದ್ರೆ ಇವ್ನಮ್ಮ ಇವನನ್ನ ವಾಪಸ್ ಸಂತೆಗೆ ಓಡಿಸ್ತಾಳೆ ಸಾರ್. ಹುಡುಗ ಸರಿಯಾಗೇ ಹೇಳಿದಾನೆ" ಎಂದರು. ಯಾರೂ ನಗಲಿಲ್ಲ, ತಾವೊಬ್ಬರನ್ನು ಬಿಟ್ಟು.

ತಾವು ಊಟಕ್ಕೆ ಹೋದ ಮೇಲೆ ಕಸ ಗುಡಿಸುವಾಗ, ಮೇಜಿನ ಮೇಲಿದ್ದ ವರದಿ ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳಲೆಂದು ನಾನೂ ಸ್ವಲ್ಪ ಬಗ್ಗಿದೆ. ಮೆಲಾನಿಯಾ ಅವರಿಗೆ ಪ್ರಮಾಣಪತ್ರವಿಲ್ಲವಂತೆ. ಮುಂದಿನ ವರ್ಷದಿಂದ ಅವರಿಗೆ ಹೊಲಿಗೆ ತರಗತಿ, ಗಣಿತ ವ್ಯಾಯಾಮದ ಮೇಷ್ಟ್ರಿಗೆ. ಆ ಮೇಷ್ಟ್ರು ಒಳ್ಳೆಯವರೇ, ಆದರೆ ಎರಡರ ನಂತರ ಮತ್ತೆ ಒಂದಕ್ಕೇ ಬರುತ್ತಾರೆ. ಸಹಿಯೊಂದೇ ಬಾಕಿ.

ಆದ್ದರಿಂದ ಸವಿನಯ ಬಿನ್ನಹ: ಒಂದೋ ವರದಿ ತಿದ್ದಿ, ಇಲ್ಲವೇ ನಮ್ಮನ್ನು ತಿದ್ದಿ. ಎರಡನೆಯದಾದರೆ, ಪ್ರತಿ ರೊಟ್ಟಿಯಮ್ಮನ ಪಕ್ಕದಲ್ಲಿ ಹನ್ನೆರಡು ರೊಟ್ಟಿಯಾದ ಕೂಡಲೇ ಅವಳ ಕೈ ತಡೆಯುವ ಒಬ್ಬ ಇನ್ಸ್‌ಪೆಕ್ಟರನ್ನು ನಿಲ್ಲಿಸಿ. ಇದುವರೆಗೆ ತಿಂದುಬಿಟ್ಟ ಕೊಸರನ್ನೆಲ್ಲ ಊರಿನವರ ಹೊಟ್ಟೆಯಿಂದ ವಾಪಸ್ ಪಡೆಯಲು ಸಮಿತಿ ರಚಿಸಿ. ಕೊಸರಿಲ್ಲದೆ ಬಂದ ಚೀಲವನ್ನು ನನ್ನ ಅಮ್ಮನ ಕೈಗೆ ತಾವೇ ಖುದ್ದಾಗಿ ಕೊಡಿ. ಅವಳ ಬಳಿ ಕಟ್ಟಿಗೆಯ ದೊಡ್ಡ ಸೌಟಿದೆ. ತಾವು ಸ್ವಲ್ಪ ದೂರ ನಿಂತು ಕೊಟ್ಟರೂ ನಡೆಯುತ್ತದೆ.

ತಮ್ಮ ವಿಶ್ವಾಸಿ, ಬೆಂಚಿನಿಂದ ಈಗಷ್ಟೇ ಬಿಡುಗಡೆಯಾದ
ವಿಲ್ಬರ್ ಚೋಕೆ, ಶಾಲೆಯ ಬಾಗಿಲು ಕಾಯುವವನು

ತಾ.ಕ.: ಹೋದ ಶನಿವಾರ ಬಸ್ಸಿಗೆ ಮುಂಚೆ ತಾವು ರೊಟ್ಟಿ ಮಾರುವ ದೋನ್ಯಾ ಗುಮೆರ್ಸಿಂದಾ ಅವರ ಬುಟ್ಟಿಯಲ್ಲಿ ಒಂದು ಡಜನ್ ರೊಟ್ಟಿ ಕೊಂಡಿರಿ. ಅಂದು ಸಂತೆಯ ನೂಕುನುಗ್ಗಲಲ್ಲಿ ಅವರು ಹನ್ನೆರಡು ಎಣಿಸಿ ಮರೆತು ಬಟ್ಟೆ ಮುಚ್ಚಿದರು. ತಾವು ಕದಲಲಿಲ್ಲ. ಚೀಲದ ಬಾಯಿ ತೆರೆದೇ ಹಿಡಿದು, "ನನ್ ಕೊಸರು ಎಲ್ಲಮ್ಮಾ?" ಎಂದಿರಿ. ಹಿಂದೆ ಸಾಲಿನಲ್ಲಿ ಇದ್ದವನು ನಾನೇ.

ವರದಿ ಮೇಜಿನ ಮೇಲೇ ಇದೆ, ಪಕ್ಕದಲ್ಲಿ ಅಳಿಸುವ ರಬ್ಬರನ್ನೂ ಇಟ್ಟಿದ್ದೇನೆ. ನನ್ನ ಪಾಳಿ ಮುಗಿಯಿತು. ಬಾಗಿಲು ಎಳೆದು, ಬೀಗ ಹಾಕಿ, ಈ ಕಾಗದವನ್ನು ಬಾಗಿಲ ಮೇಲೆ ಅಂಟಿಸಿ ಹೊರಟಿದ್ದೇನೆ. ಬೀಗದ ಕೈ ಗುಮೆರ್ಸಿಂದಾ ಅವರ ಹತ್ತಿರ ಇದೆ. ತಾವು ಒಂದು ಡಜನ್ ರೊಟ್ಟಿ ಕೊಂಡರೆ, ಇವತ್ತಿನ ಕೊಸರು ಅದೇ.